ಹೊದಿಕೆಯ ಕೆಳಗಿನ ಮುಖವನ್ನು ಯಾರು ನೋಡುತ್ತಾರೆ?

ಹೃದಯ ಶಸ್ತ್ರಚಿಕಿತ್ಸಾ ತಂಡಗಳಿಗೊಂದು ಬಹಿರಂಗ ಪತ್ರ

ಹೃದಯ ಶಸ್ತ್ರಚಿಕಿತ್ಸೆಯ ಥಿಯೇಟರುಗಳಲ್ಲಿ ದುಡಿಯುವ ಸರ್ಜನ್‌ಗಳಿಗೆ, ಅರಿವಳಿಕೆ ತಜ್ಞರಿಗೆ, ಪರ್ಫ್ಯೂಷನಿಸ್ಟರಿಗೆ, ದಾದಿಯರಿಗೆ ಮತ್ತು ಇವರೆಲ್ಲರ ಬಳಿ ಕಲಿಯುತ್ತಿರುವ ಕಿರಿಯರಿಗೆ,

ಹಾರ್ಟ್-ಲಂಗ್ ಮಷಿನ್ ಮೇಲಿರುವ ರೋಗಿಯ ಮಿದುಳಿಗೆ ರಕ್ತ ಹೋಗುತ್ತಿದೆಯೇ ಎಂದು ನಮ್ಮ ಥಿಯೇಟರುಗಳಲ್ಲಿ ಯಾರಾದರೊಬ್ಬರು ಸದಾ ನೋಡುತ್ತಲೇ ಇರುತ್ತಾರೆ. ಅಪಧಮನಿಯ ಒತ್ತಡ ಎಷ್ಟಿದೆ, ಪಂಪಿನ ಹರಿವು ಎಷ್ಟಿದೆ, ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂಬುದನ್ನು ಕೂಗಿ ಕೇಳುವವರಿದ್ದಾರೆ, ಕೂಗಿ ಹೇಳುವವರೂ ಇದ್ದಾರೆ. ಆದರೆ ತಲೆಗೆ ಹೋದ ರಕ್ತ ವಾಪಸು ಬರುತ್ತಿದೆಯೇ ಎಂಬ ಪ್ರಶ್ನೆಗೆ ಇಂಥ ಖಾಯಂ ವಾರಸುದಾರರಿಲ್ಲ. ಅದು ಎಲ್ಲರ ಕೆಲಸ. ಎಲ್ಲರ ಕೆಲಸವಾದದ್ದರಿಂದಲೇ ಕೆಲವೊಮ್ಮೆ ಯಾರ ಕೆಲಸವೂ ಆಗದೆ ಉಳಿಯುತ್ತದೆ. ಈ ಪತ್ರದ ಕೋರಿಕೆ ಒಂದೇ. ಮಿದುಳಿನಿಂದ ರಕ್ತ ಹಿಂತಿರುಗುವ ದಾರಿಯನ್ನು ಕಾಯುವ ಹೊಣೆಯನ್ನು ಪ್ರತಿ ಶಸ್ತ್ರಚಿಕಿತ್ಸೆಯಲ್ಲೂ ಒಬ್ಬರ ಹೆಸರಿಗೆ ಬರೆಯಿರಿ. ಅವರು ಕಂಡದ್ದನ್ನು ನಿಗದಿತ ಹೊತ್ತಿಗೆ ಬಾಯಿಬಿಟ್ಟು ಹೇಳಲಿ. ಹೊಸ ಯಂತ್ರ ಬಂದಮೇಲೆ ನೋಡೋಣ ಎಂದು ಕಾಯಬೇಕಾದ ಸುಧಾರಣೆ ಇದಲ್ಲ.

ಹೃದಯ ತೆರೆದು ಮಾಡುವ ಶಸ್ತ್ರಚಿಕಿತ್ಸೆಯ ಚರಿತ್ರೆ ಶುರುವಾದದ್ದೇ ಅಭಿಧಮನಿಗಳನ್ನು ಬೇಕೆಂದೇ ಮುಚ್ಚುವುದರಿಂದ. 1952ರ ಸೆಪ್ಟೆಂಬರ್ 2ರಂದು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಎಫ್. ಜಾನ್ ಲೂಯಿಸ್ ಅವರು ಐದು ವರ್ಷದ ಹುಡುಗಿಯೊಬ್ಬಳ ಮೈಯನ್ನು ತಣ್ಣಗಾಗಿಸಿ, ಹೃದಯಕ್ಕೆ ರಕ್ತ ತರುವ ಎರಡೂ ಮಹಾಭಿಧಮನಿಗಳನ್ನು ಬಿಗಿದು, ಹೃತ್ಕರ್ಣಗಳ ನಡುವಿನ ರಂಧ್ರವನ್ನು ಕಣ್ಣಾರೆ ಕಂಡು ಹೊಲಿದರು. ಅಭಿಧಮನಿಗಳು ಬಿಗಿದುಕೊಂಡಿದ್ದದ್ದು ಐದೂವರೆ ನಿಮಿಷ. ಅಂಥ ಶಸ್ತ್ರಚಿಕಿತ್ಸೆಯಲ್ಲಿ ಗಡಿಯಾರ ನೋಡದೆ ಬೇರೆ ದಾರಿಯೇ ಇರಲಿಲ್ಲ. ಎಷ್ಟು ನಿಮಿಷ ಕಳೆಯಿತು, ಇನ್ನೆಷ್ಟು ಉಳಿಯಿತು ಎಂಬುದೇ ಜೀವದ ಲೆಕ್ಕ. ಮರುವರ್ಷ, 1953ರ ಮೇ 6ರಂದು, ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ಅವರು ತಾವೇ ವರ್ಷಗಟ್ಟಲೆ ಶ್ರಮಿಸಿ ಕಟ್ಟಿದ ಯಂತ್ರದ ಆಸರೆಯಲ್ಲಿ 18 ವರ್ಷದ ಯುವತಿಯ ಅದೇ ಬಗೆಯ ರಂಧ್ರವನ್ನು ಮುಚ್ಚಿದರು; ಆಕೆಯ ಹೃದಯ ಮತ್ತು ಶ್ವಾಸಕೋಶಗಳ ಕೆಲಸವನ್ನು ಯಂತ್ರ 26 ನಿಮಿಷ ಪೂರ್ತಿಯಾಗಿ ವಹಿಸಿಕೊಂಡಿತು. ಅಲ್ಲಿಂದ ಮುಂದೆ ಸರ್ಜನ್‌ಗೆ ಗಂಟೆಗಟ್ಟಲೆ ಬಿಡುವು ಸಿಕ್ಕಿತು. ಆದರೆ ಲೂಯಿಸ್ ಅವರು ತಿಳಿದೇ ಮುಚ್ಚಿದ ದಾರಿ ಇಂದು ತಿಳಿಯದೆ ಮುಚ್ಚಿಕೊಂಡರೆ, ಗಡಿಯಾರವನ್ನು ಯಾರೂ ಒತ್ತಿರುವುದಿಲ್ಲ. ಅಪಾಯದ ತಿರುಳು ಇಲ್ಲಿದೆ.

ಅದು ಮುಚ್ಚಿಕೊಳ್ಳುವ ಬಗೆಗಳು ನಿಮಗೆ ಗೊತ್ತಿರುವವೇ. ತಲೆ, ಕುತ್ತಿಗೆ, ತೋಳುಗಳ ರಕ್ತವನ್ನು ತರುವ ಮೇಲಿನ ಮಹಾಭಿಧಮನಿಗೆ, ಅಂದರೆ ಎಸ್‌ವಿಸಿಗೆ, ಹಾಕಿದ ಕ್ಯಾನುಲಾ ತುಸು ಹೆಚ್ಚು ಮೇಲೆ ಹೋದರೆ ಅದರ ತುದಿ ಒಂದು ಬದಿಯ ಕವಲಿನೊಳಗೆ ನುಗ್ಗಿ, ಇನ್ನೊಂದು ಬದಿಯ ರಕ್ತಕ್ಕೆ ದಾರಿಯಿಲ್ಲದಂತೆ ಮಾಡಬಹುದು. ತುದಿ ನಾಳದ ಗೋಡೆಗೆ ಅಂಟಬಹುದು. ಸುತ್ತ ಬಿಗಿದ ಟೇಪು ಕ್ಯಾನುಲಾವನ್ನೇ ಹಿಸುಕಬಹುದು, ಟ್ಯೂಬು ಎಲ್ಲೋ ಮಡಚಬಹುದು, ಗಾಳಿ ಸೇರಿ ಹರಿವು ಕಟ್ಟಿಕೊಳ್ಳಬಹುದು. ಹೃತ್ಕರ್ಣಕ್ಕೆ ಒಂದೇ ಕ್ಯಾನುಲಾ ಹಾಕಿರುವಾಗ ಹೃದಯದ ಹಿಂಬದಿಯ ನಾಳಕ್ಕೆ ಗ್ರಾಫ್ಟ್ ಹೊಲಿಯಲೆಂದು ಹೃದಯವನ್ನು ಎತ್ತಿ ತಿರುಗಿಸಿದರೆ, ಎಸ್‌ವಿಸಿ ಹೃತ್ಕರ್ಣಕ್ಕೆ ಸೇರುವ ಜಾಗವೇ ಮಡಚಿಕೊಳ್ಳಬಹುದು. ಎದೆಗೂಡನ್ನು ಅಗಲಿಸುವ ರಿಟ್ರಾಕ್ಟರ್ ಎಡಗಡೆಯಿಂದ ಅಡ್ಡ ಬರುವ ಅಭಿಧಮನಿಯನ್ನು ಅದುಮಬಹುದು. ಈ ಎಲ್ಲ ಹೊತ್ತಿನಲ್ಲೂ ಪಂಪು ಮಾತ್ರ ತಲೆಗೆ ರಕ್ತ ಒತ್ತುತ್ತಲೇ ಇರುತ್ತದೆ. ಅಡಿಕೆ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಬಸಿಗಾಲುವೆ ಕಟ್ಟಿಕೊಂಡ ತೋಟಕ್ಕೆ ಎಷ್ಟು ಒಳ್ಳೆಯ ನೀರು ಹಾಯಿಸಿದರೂ ಬೇರು ಕೊಳೆಯುತ್ತದೆ. ಹೊರದಾರಿ ಇಲ್ಲದ ಮಿದುಳಿನಲ್ಲಿ ಸೂಕ್ಷ್ಮನಾಳಗಳ ಒತ್ತಡ ಏರಿ, ದ್ರವ ಅಂಗಾಂಶಕ್ಕೆ ಜಿನುಗಿ, ಊತ ಕಟ್ಟುತ್ತದೆ. ತಲೆಬುರುಡೆ ಹಿಗ್ಗುವುದಿಲ್ಲವಾದ್ದರಿಂದ ಆ ಊತ ಬರುವ ರಕ್ತಕ್ಕೂ ಅಡ್ಡವಾಗುತ್ತದೆ.

ಇಷ್ಟು ಗೊತ್ತಿದ್ದೂ ಇದು ಏಕೆ ತಪ್ಪಿಸಿಕೊಳ್ಳುತ್ತದೆ? ನಾವು ಹೆಚ್ಚು ನಂಬಿರುವ ಮೂರು ಗುರುತುಗಳು ಈ ಒಂದು ತೊಡಕಿನಲ್ಲಿ ಸುಳ್ಳು ಧೈರ್ಯ ಕೊಡಬಲ್ಲವು. ಮೊದಲನೆಯದು ಅಪಧಮನಿಯ ಒತ್ತಡ. ಪರದೆಯ ಮೇಲೆ ಸರಾಸರಿ ಒತ್ತಡ 60 ಎಂದಿದ್ದರೆ ಬೈಪಾಸಿನಲ್ಲಿ ಯಾರೂ ಗಾಬರಿಯಾಗುವುದಿಲ್ಲ. ಆದರೆ ಮಿದುಳಿಗೆ ದಕ್ಕುವುದು ಆ 60 ಅಲ್ಲ. ಅದರಿಂದ ತಲೆಯೊಳಗಿನ ಒತ್ತಡವನ್ನೋ ಅಭಿಧಮನಿಯ ಒತ್ತಡವನ್ನೋ, ಯಾವುದು ಹೆಚ್ಚೋ ಅದನ್ನು ಕಳೆದು ಉಳಿದದ್ದು. ಕುತ್ತಿಗೆಯ ಅಭಿಧಮನಿಯಲ್ಲಿ ಒತ್ತಡ 25ಕ್ಕೆ ಏರಿದ್ದರೆ ಉಳಿಯುವುದು 35 ಮಾತ್ರ. ಪರದೆಯ 60 ಕದಲಿರುವುದೇ ಇಲ್ಲ. ಎರಡನೆಯದು ರಿಸರ್ವಾಯರಿನ ಮಟ್ಟ. ದೊಡ್ಡವರಲ್ಲಿ ಎಸ್‌ವಿಸಿಯಿಂದ ಬರುವುದು ಒಟ್ಟು ರಕ್ತದ ಸುಮಾರು ಮೂರನೇ ಒಂದು ಪಾಲು. ಉಳಿದದ್ದು ಕೆಳಗಿನ ಮಹಾಭಿಧಮನಿಯದು. ಮೇಲಿನ ದಾರಿ ಅರ್ಧಂಬರ್ಧ ಕಟ್ಟಿಕೊಂಡರೆ ಮಟ್ಟ ನಿಧಾನವಾಗಿ ಇಳಿಯುತ್ತದೆ, ಒಂದಿಷ್ಟು ದ್ರವ ಸೇರಿಸಿದರೆ ಸರಿಹೋದಂತೆ ಕಾಣುತ್ತದೆ. ಮೂರನೆಯದು ವಾಪಸು ಬರುವ ರಕ್ತದ ಆಮ್ಲಜನಕ ಪ್ರಮಾಣ. ಹಸಿದ ಮಿದುಳಿನ ಕಪ್ಪು ರಕ್ತ ಟ್ಯೂಬಿಗೆ ಬರುತ್ತಲೇ ಇಲ್ಲವಾದರೆ, ಬಂದ ರಕ್ತದ ಅಂಕಿ ಚೆನ್ನಾಗಿಯೇ ಕಾಣಬಹುದು. ಹೀಗೆ ಮೂರು ಕಡೆಯಿಂದಲೂ ಎಲ್ಲ ಸರಿಯಿದೆ ಎಂಬ ಉತ್ತರ ಬರುತ್ತಿರುವಾಗ ನಾಲ್ಕನೆಯ ಪ್ರಶ್ನೆ ಕೇಳಬೇಕೆಂದು ಯಾರಿಗೂ ಹೊಳೆಯದಿದ್ದರೆ ಆಶ್ಚರ್ಯವಿಲ್ಲ. ಎಚ್ಚರವಾಗಿರಿ ಎಂಬ ಉಪದೇಶ ಇಲ್ಲಿ ಸಾಲದು. ಎಚ್ಚರವಾಗಿರುವವರನ್ನೂ ಈ ಅಂಕಿಗಳು ಮೈಮರೆಸುತ್ತವೆ.

ಉತ್ತರ ಸಿಗುವ ಜಾಗ ಹಸಿರು ಹೊದಿಕೆಯ ಕೆಳಗಿದೆ. ಹೊದಿಕೆಯ ಅಂಚನ್ನು ಎತ್ತಿ ಟಾರ್ಚು ಬಿಟ್ಟು ನೋಡಿದರೆ ಕಾಣುವುದು ಇಷ್ಟು: ತುಟಿ ಮತ್ತು ಕಿವಿಯ ಹಾಲೆ ನೇರಳೆಗೆ ತಿರುಗಿರುತ್ತವೆ. ಕುತ್ತಿಗೆಯ ನಾಳಗಳು ಹಗ್ಗದಂತೆ ಉಬ್ಬಿರುತ್ತವೆ. ಕಣ್ಣಿಗೆ ಅಂಟಿಸಿದ ಪಟ್ಟಿಯ ಕೆಳಗೆ ರೆಪ್ಪೆ ಬಿಗಿದು ಹೊಳೆಯುತ್ತಿರುತ್ತದೆ. ಪಟ್ಟಿ ಬಿಡಿಸಿದರೆ ಕಣ್ಣಿನ ಬಿಳಿಭಾಗದ ಮೇಲಿನ ತೆಳುಪೊರೆ ನೀರು ತುಂಬಿ ರೆಪ್ಪೆಗಳ ನಡುವಿನಿಂದ ಹೊರಗೆ ಚಾಚಿರುತ್ತದೆ. ಹಸುಗೂಸಿನಲ್ಲಾದರೆ ನೆತ್ತಿಯ ಮೆತ್ತನೆ ಜಾಗ ಬೆರಳಿಗೆ ಗಟ್ಟಿಯಾಗಿ ಉಬ್ಬಿ ಸಿಗುತ್ತದೆ. ಎಳೆಮಕ್ಕಳಲ್ಲಿ ಎಸ್‌ವಿಸಿಯ ಪಾಲು ಒಟ್ಟು ಹರಿವಿನ ಅರ್ಧದಷ್ಟಿರುವುದರಿಂದ ಅವರಲ್ಲಿ ಪೆಟ್ಟೂ ದೊಡ್ಡದು. ಆದರೆ ಈ ಗುರುತುಗಳು ತಡವಾಗಿ ಬರುತ್ತವೆ ಎಂಬುದನ್ನು ಮರೆಯಬಾರದು. ಕಣ್ಣು ಊದಿದ್ದು ಕಾಣುವ ಹೊತ್ತಿಗೆ ನಿಮಿಷಗಳು ಕಳೆದಿರುತ್ತವೆ. ಅದಕ್ಕಿಂತ ಮೊದಲೇ ಮಾತಾಡುವುದು ಕುತ್ತಿಗೆಯ ಅಭಿಧಮನಿಯಲ್ಲಿ ಅಳೆದ ಒತ್ತಡ, ಅಂದರೆ ಸಿವಿಪಿ. ಹಣೆಗೆ ಅಂಟಿಸಿ ಮಿದುಳಿನ ಆಮ್ಲಜನಕ ನೋಡುವ ನಿರ್ಸ್ ಮಾಪಕವಿದ್ದರೆ ಅದೂ ಬೇಗ ಮಾತಾಡುತ್ತದೆ, ಏಕೆಂದರೆ ಅದು ಅಳೆಯುವ ರಕ್ತದಲ್ಲಿ ಹೆಚ್ಚಿನ ಪಾಲು ಅಭಿಧಮನಿಗಳದ್ದೇ. ಹಾಗಾಗಿ ಅಂಕಿ ಮೊದಲು, ಮುಖ ಆಮೇಲೆ. ಅಂಕಿಯನ್ನು ನಂಬಲು ಅನುಮಾನವಿದ್ದರೆ ಮುಖ ಕೂಡಲೇ.

ಮೊದಲ ಆಕ್ಷೇಪವನ್ನು ನಾನೇ ಮುಂದಿಡುತ್ತೇನೆ: ಬೈಪಾಸಿನಲ್ಲಿ ಸಿವಿಪಿಯನ್ನು ನಂಬುವುದು ಹೇಗೆ? ಈ ಆಕ್ಷೇಪದಲ್ಲಿ ಹುರುಳಿದೆ. ರಕ್ತ ಚೆನ್ನಾಗಿ ಬಸಿಯುತ್ತಿರುವಾಗ ಅದು ಸೊನ್ನೆಯ ಆಸುಪಾಸಿನಲ್ಲಿರುತ್ತದೆ, ಸೊನ್ನೆಗಿಂತ ಕೆಳಗೂ ಇಳಿಯುತ್ತದೆ. ಕ್ಯಾಥೆಟರಿನ ತುದಿ ಅಡಚಣೆಯ ಕೆಳಗೆ, ಹೃತ್ಕರ್ಣದ ಬಳಿ ಇದ್ದರೆ ಮೇಲೆ ತಲೆ ಉಬ್ಬುತ್ತಿದ್ದರೂ ಅಂಕಿ ಶಾಂತವಾಗಿರುತ್ತದೆ. ಟ್ರಾನ್ಸ್‌ಡ್ಯೂಸರನ್ನು ಕಂಬಕ್ಕೆ ಕಟ್ಟಿ ಟೇಬಲನ್ನು ಮಾತ್ರ 10 ಸೆಂಟಿಮೀಟರ್ ಏರಿಸಿದರೆ ಅಂಕಿ ಸುಮಾರು 7 ಮಿ.ಮೀ. ಪಾದರಸದಷ್ಟು ಸುಳ್ಳಾಗಿ ಏರುತ್ತದೆ. ಆದರೆ ಈ ಮೂರೂ ದೋಷಗಳಿಗೆ ಪರಿಹಾರ ನಮ್ಮ ಕೈಯಲ್ಲೇ ಇದೆ. ಕುತ್ತಿಗೆಯ ಶೀತ್‌ನ ಪಕ್ಕದ ಕೊಳವೆಯಿಂದ ಒತ್ತಡ ಅಳೆದರೆ ಅಳತೆಯ ಜಾಗ ಕ್ಯಾಥೆಟರಿನ ತುದಿಗಿಂತ ಮೇಲಕ್ಕೆ ಬರುತ್ತದೆ. ಟೇಬಲ್ ಕದಲಿಸಿದಾಗೆಲ್ಲ ಸೊನ್ನೆಯನ್ನು ಮತ್ತೆ ಹೊಂದಿಸಬಹುದು. ಒಂದು ಗಳಿಗೆಯ ಅಂಕಿಯ ಬದಲು, ಬೈಪಾಸ್ ಶುರುವಾದ ಐದು ನಿಮಿಷಕ್ಕೆ ಇದ್ದದ್ದೆಷ್ಟು, ಈಗ ಇರುವುದೆಷ್ಟು ಎಂದು ತಾಳೆ ನೋಡಬಹುದು. 2 ಇದ್ದದ್ದು ಹೃದಯ ಎತ್ತಿದ ಕೂಡಲೇ 18 ಆಯಿತೆಂದರೆ, ಆ ಮಾಪಕ ಎಷ್ಟೇ ಒರಟಾಗಿರಲಿ, ಏನೋ ನಡೆದಿದೆ. ಮಾಪಕದಲ್ಲಿ ದೋಷವಿದೆ ಎನ್ನುವುದು ಅದನ್ನು ಸರಿಪಡಿಸಲು ಕಾರಣವಾಗಬೇಕು, ಕಡೆಗಣಿಸಲು ಅಲ್ಲ.

ಎರಡನೆಯ ಆಕ್ಷೇಪ ದುಡ್ಡಿನದು, ಪುರಾವೆಯದು. ನಿರ್ಸ್‌ನ ಅಂಟುಪಟ್ಟಿಗಳು ಒಬ್ಬ ರೋಗಿಗೆ ಬಳಸಿ ಬಿಸಾಡುವಂಥವು. ಸರ್ಕಾರಿ ಯೋಜನೆಯ ಪ್ಯಾಕೇಜ್ ದರದಲ್ಲಿ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗೆ ಅದು ಹೊರೆಯೇ. ಮಿದುಳಿನ ಮೇಲೆ ಕಣ್ಣಿಡುವುದರಿಂದ ಲಾಭವಿದೆ ಎನ್ನುವ ಪುರಾವೆ ಇದೆ, ಆದರೆ ಅದು ಪ್ರಶ್ನಾತೀತವಲ್ಲ. 1997ರಲ್ಲಿ ಪ್ರಕಟವಾದ, ಹುಟ್ಟು ಹೃದ್ರೋಗದ 250 ಮಕ್ಕಳ ಅಧ್ಯಯನವೊಂದರಲ್ಲಿ ಮಿದುಳಿನ ಅಂಕಿಗಳು ಕೆಟ್ಟಾಗ ಸರಿಪಡಿಸಿದವರ ಪೈಕಿ ಸುಮಾರು ಶೇ. 6ರಷ್ಟು ಮಕ್ಕಳಿಗೆ ನರಸಂಬಂಧಿ ತೊಂದರೆಯಾಯಿತು; ಸರಿಪಡಿಸದೆ ಉಳಿದವರಲ್ಲಿ ಅದು ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರಿಗೆ. ಆದರೆ ಅಲ್ಲಿ ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿರಲಿಲ್ಲ. 2007ರಲ್ಲಿ ಬಂದ, 200 ಕೊರೊನರಿ ಬೈಪಾಸ್ ರೋಗಿಗಳನ್ನು ಹಾಗೆ ಹಂಚಿ ನೋಡಿದ ಅಧ್ಯಯನದಲ್ಲಿ ನಿರ್ಸ್ ನೋಡಿ ಸರಿಪಡಿಸಿದ ಗುಂಪಿಗೆ ದೊಡ್ಡ ತೊಡಕುಗಳು ಕಡಿಮೆಯಾದವು. ನಂತರ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಮರ್ಶೆಗಳು ಲಾಭ ಖಚಿತವಾಗಿಲ್ಲ ಎಂದವು. ಇದನ್ನು ಮುಚ್ಚಿಟ್ಟು ವಾದ ಮಾಡುವುದು ನ್ಯಾಯವಲ್ಲ. ಆದರೆ ಆ ವಿಮರ್ಶೆಗಳು ತೂಗಿದ ಪ್ರಶ್ನೆ ಬೇರೆ: ಪ್ರತಿ ರೋಗಿಗೂ ಈ ಪಟ್ಟಿ ಅಂಟಿಸಿದರೆ ಒಟ್ಟಾರೆ ಫಲ ಸುಧಾರಿಸುತ್ತದೆಯೇ ಎಂಬುದು. ಕಣ್ಣೆದುರು ಎಸ್‌ವಿಸಿ ಕಟ್ಟಿಕೊಂಡಿರುವಾಗ ಅದನ್ನು ಬಿಡಿಸಬೇಕೇ ಎಂಬುದು ಯಾರಿಗೂ ಪ್ರಶ್ನೆಯೇ ಅಲ್ಲ. ನಾನು ಕೇಳುತ್ತಿರುವ ಕನಿಷ್ಠ ಕ್ರಮಕ್ಕೆ ನಿರ್ಸ್ ಬೇಕಿಲ್ಲ. ಕುತ್ತಿಗೆಯ ಲೈನು ಈಗಾಗಲೇ ಹಾಕಿದೆ, ಟಾರ್ಚು ಇದೆ, ಕಣ್ಣಿದೆ. ನಿರ್ಸ್ ಇರುವಲ್ಲಿ ಇರಲಿ. ಎಲ್ಲರಿಗೂ ಕೊಡಲಾಗದಿದ್ದರೆ ಹಸುಗೂಸುಗಳಿಗೆ ಮತ್ತು ಎಸ್‌ವಿಸಿಯ ಮೇಲೇ ಕೆಲಸ ನಡೆಯುವ ಶಸ್ತ್ರಚಿಕಿತ್ಸೆಗಳಿಗೆ ಮೊದಲು ಸಿಗಲಿ.

ಮೂರನೆಯ ಮಾತು: ಇದು ಅಪರೂಪ, ಜೊತೆಗೆ ಮೈ ತಣ್ಣಗಿದ್ದಾಗ ಮಿದುಳು ತಡೆದುಕೊಳ್ಳುತ್ತದೆ, ಕೈಯಲ್ಲಿರುವ ಹೊಲಿಗೆ ಮುಗಿಯಲಿ. ತಂಪು ಮಿದುಳಿನ ಹಸಿವನ್ನು ತಗ್ಗಿಸುತ್ತದೆ ಎಂಬುದು ನಿಜ. ಲೂಯಿಸ್ ಅವರ ಐದೂವರೆ ನಿಮಿಷ ನಿಂತದ್ದೂ ಅದರ ಮೇಲೆಯೇ. ಆದರೆ ಅಲ್ಲಿ ಹೃದಯಕ್ಕೆ ರಕ್ತವೇ ಬಾರದಿದ್ದುದರಿಂದ ತಲೆಗೆ ಒತ್ತುವ ರಕ್ತವೂ ನಿಂತಿತ್ತು. ಬೈಪಾಸಿನಲ್ಲಿ ಪಂಪು ತುಂಬಿಸುತ್ತಲೇ ಇರುತ್ತದೆ. ತಂಪು ಹಸಿವನ್ನು ಮುಂದೂಡಬಹುದು, ಊತವನ್ನು ಬಸಿಯಲಾರದು. ಇಂದು ಅನೇಕ ಶಸ್ತ್ರಚಿಕಿತ್ಸೆಗಳು ಮೈಯನ್ನು ಅಷ್ಟೇನೂ ತಣ್ಣಗಾಗಿಸದೆ ನಡೆಯುತ್ತವೆ ಎಂಬುದೂ ನೆನಪಿರಲಿ. ಒಂದು ಹೊಲಿಗೆ ಮುಗಿಸಿ ನೋಡುವುದು ಕೆಲವೊಮ್ಮೆ ಸರಿಯಾದ ನಿರ್ಧಾರವೇ ಆಗಬಹುದು. ಆದರೆ ಅದು ನಿರ್ಧಾರವಾಗಿರಬೇಕು. ಒಬ್ಬರು ‘ಎರಡು ನಿಮಿಷವಾಯಿತು’ ಎಂದು ಹೇಳಿ, ಸರ್ಜನ್ ‘ಇನ್ನೊಂದು ನಿಮಿಷ ಬೇಕು’ ಎಂದು ತಿಳಿದೇ ಕೇಳಿದರೆ ಅದು ನಿರ್ಧಾರ. ಯಾರೂ ಹೇಳದೆ ಹತ್ತು ನಿಮಿಷ ಕಳೆದರೆ ಅದು ಕೈತಪ್ಪು. ಇನ್ನು ಅಪರೂಪದ ಮಾತು. ಅಪರೂಪವೆಂಬುದೇ ಕ್ರಮಬದ್ಧ ತಪಾಸಣೆಗೆ ದೊಡ್ಡ ಕಾರಣ, ಏಕೆಂದರೆ ದಿನವೂ ಕಾಣದ್ದನ್ನು ಅಭ್ಯಾಸಬಲ ಹಿಡಿದುಕೊಡುವುದಿಲ್ಲ. ಹೃದಯಕ್ಕೆ ಎರಡನೆಯ ಎಸ್‌ವಿಸಿ ಎಡಗಡೆ ಉಳಿದಿರುವುದು ಸಾವಿರ ಜನರಲ್ಲಿ ಮೂವರಿಂದ ಐವರಲ್ಲಿ ಮಾತ್ರ. ಹುಟ್ಟು ಹೃದ್ರೋಗವಿರುವವರಲ್ಲಿ ಅದಕ್ಕಿಂತ ಬಹಳ ಹೆಚ್ಚು. ಅದನ್ನು ಮೊದಲೇ ಎಕೋದಲ್ಲಿ ಹುಡುಕುವುದು ನಮಗೆ ರೂಢಿಯಾಗಿದೆ. ಅದೇ ಶಿಸ್ತು ಇಲ್ಲಿಯೂ ಸಲ್ಲಬೇಕು.

ನಾಲ್ಕನೆಯ ಆಕ್ಷೇಪವನ್ನು ಯಾರೂ ಬರೆದು ಕೊಡುವುದಿಲ್ಲ, ಆದರೆ ಥಿಯೇಟರಿನ ಗಾಳಿಯಲ್ಲೇ ಅದು ಇರುತ್ತದೆ: ದೊಡ್ಡ ಡಾಕ್ಟರು ಕೆಲಸದಲ್ಲಿರುವಾಗ ಮಧ್ಯೆ ಬಾಯಿ ಹಾಕುವುದು ಹೇಗೆ? ಕಿರಿಯ ಅರಿವಳಿಕೆ ವೈದ್ಯೆಗೆ ಸಿವಿಪಿ ಏರಿದ್ದು ಕಂಡಿರುತ್ತದೆ, ಪರ್ಫ್ಯೂಷನಿಸ್ಟರಿಗೆ ಟ್ಯೂಬು ಅದುರುವುದು ಕಂಡಿರುತ್ತದೆ, ಇಬ್ಬರೂ ‘ಸ್ವಲ್ಪ ನೋಡೋಣ’ ಎಂದುಕೊಳ್ಳುತ್ತಾರೆ. ಅರ್ಧ ಅರ್ಧ ಸುಳಿವು ಇಬ್ಬರಲ್ಲಿ ಹಂಚಿಹೋಗಿ ಪೂರ್ತಿ ಚಿತ್ರ ಯಾರ ಬಳಿಯೂ ಇಲ್ಲದಂತಾಗುತ್ತದೆ. ಇದಕ್ಕೆ ಧೈರ್ಯವಂತ ಕಿರಿಯರನ್ನು ಹುಡುಕುವುದು ಉತ್ತರವಲ್ಲ. ಹೇಳುವುದನ್ನೇ ಕರ್ತವ್ಯವಾಗಿ ಮಾಡಿದರೆ ಧೈರ್ಯದ ಪ್ರಶ್ನೆಯೇ ಏಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿ ಮಾಡಿದ್ದು ಇದನ್ನೇ. ದೆಹಲಿಯದೂ ಸೇರಿ ಜಗತ್ತಿನ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಬಳಸಿ ನೋಡಿದಾಗ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ, ತೊಡಕುಗಳು ಶೇ. 11ರಿಂದ 7ಕ್ಕೆ ಇಳಿದವು ಎಂದು 2009ರಲ್ಲಿ ಪ್ರಕಟವಾಯಿತು. ಆ ಪಟ್ಟಿಯಲ್ಲಿ ಯಾರಿಗೂ ಗೊತ್ತಿಲ್ಲದ ವಿದ್ಯೆಯೇನೂ ಇರಲಿಲ್ಲ. ಗೊತ್ತಿದ್ದದ್ದನ್ನು ಸರಿಯಾದ ಹೊತ್ತಿಗೆ ಗಟ್ಟಿಯಾಗಿ ಹೇಳಿಸಿತು ಅಷ್ಟೆ. ಕರ್ನಾಟಕದ ಥಿಯೇಟರುಗಳಲ್ಲಿ ಕನ್ನಡ, ಮಲಯಾಳಂ, ತಮಿಳು, ಹಿಂದಿ, ಇಂಗ್ಲಿಷ್ ಎಲ್ಲವೂ ಬೆರೆತಿರುತ್ತವೆ. ಆದ್ದರಿಂದ ಹೇಳುವ ಮಾತು ಚಿಕ್ಕದಿರಲಿ, ಒಂದೇ ತೆರನಾಗಿರಲಿ: ‘ಸಿವಿಪಿ 20, ಮುಖ ಉಬ್ಬಿದೆ, ಎಸ್‌ವಿಸಿ ನೋಡಿ.’

ಹಾಗಾದರೆ ಮಾಡಬೇಕಾದದ್ದೇನು? ಹೊಣೆ ಯಾರದೆಂಬುದು ಚರ್ಮಕ್ಕೆ ಚಾಕು ತಾಗುವ ಮೊದಲೇ ನಿರ್ಧಾರವಾಗಲಿ. ತಲೆಯ ಬಳಿಯೇ ನಿಲ್ಲುವ ಅರಿವಳಿಕೆ ತಂಡದವರಿಗೆ ಅದು ಸಹಜವಾಗಿ ಒಪ್ಪುತ್ತದೆ. ಬೈಪಾಸ್ ಪೂರ್ತಿ ಹರಿವಿಗೆ ಬಂದಾಗ, ಎಸ್‌ವಿಸಿಯ ಟೇಪು ಬಿಗಿದಾಗ, ಹೃದಯವನ್ನು ಎತ್ತಿದಾಗ ಅಥವಾ ತಿರುಗಿಸಿದಾಗ, ಕ್ಯಾನುಲಾ ತೆಗೆದಾಗ, ಈ ನಾಲ್ಕೂ ಗಳಿಗೆಯಲ್ಲಿ ಸಿವಿಪಿಯನ್ನು ಓದಿ ಹೇಳಲಿ, ಮುಖ ನೋಡಿ ಹೇಳಲಿ. ನಡುವೆ ನಿಗದಿತ ಅಂತರದಲ್ಲೂ ಹೇಳಲಿ. ಪರ್ಫ್ಯೂಷನಿಸ್ಟರು ಕಾರಣ ತಿಳಿಯದೆ ದ್ರವ ಸೇರಿಸಬೇಕಾಗಿ ಬಂದರೆ, ಸೇರಿಸುವ ಮೊದಲು ಅದನ್ನು ಸಾರಲಿ. ಸುಳಿವು ಸಿಕ್ಕಾಗ ಗಡಿಯಾರ ಒತ್ತಿ, ಟ್ಯೂಬಿನ ಮಡಿಕೆ ನೋಡಿ, ಹೃದಯವನ್ನು ಇಳಿಸಿ, ಟೇಪು ಸಡಿಲಿಸಿ, ಕ್ಯಾನುಲಾ ತುಸು ಹಿಂದೆಳೆಯಿರಿ, ಸಾಲದಿದ್ದರೆ ಬದಲಿಸಿ. ಅಂಕಿ ಇಳಿಯಿತೇ ಎಂದು ಮತ್ತೆ ಓದಿ ಹೇಳಿ, ಎಷ್ಟು ನಿಮಿಷ ಕಟ್ಟಿಕೊಂಡಿತ್ತೆಂದು ಬರೆದಿಡಿ. ಆ ನಿಮಿಷಗಳ ಲೆಕ್ಕ ಐಸಿಯುವಿನವರಿಗೆ ಬೇಕು: ರೋಗಿ ಎಚ್ಚರಗೊಳ್ಳುವುದು ತಡವಾದರೆ ಎಲ್ಲಿ ಹುಡುಕಬೇಕೆಂದು ಅವರಿಗೆ ಗೊತ್ತಿರಬೇಕು.

ಪಂಪು ನಿಂತರೂ ಈ ಹೊಣೆ ಮುಗಿಯುವುದಿಲ್ಲ. ಕ್ಯಾನುಲಾದ ತೂತನ್ನು ಬಿಗಿದ ದಾರ ಎಸ್‌ವಿಸಿಯನ್ನೇ ಕಿರಿದಾಗಿಸಬಹುದು. ಚಿಕ್ಕ ಮಕ್ಕಳಲ್ಲಿ ಒಂದೆರಡು ಮಿಲಿಮೀಟರಿನ ವ್ಯತ್ಯಾಸವೇ ಸಾಕು. ಎಸ್‌ವಿಸಿಯನ್ನು ಕತ್ತರಿಸಿ ಬಲ ಹೃತ್ಕರ್ಣದ ತುದಿಗೆ ಜೋಡಿಸುವ ವಾರ್ಡನ್ ಶಸ್ತ್ರಚಿಕಿತ್ಸೆಯಲ್ಲಿ ಆ ಜೋಡಣೆಯೇ ಮುಂದೆ ಕಿರಿದಾಗುವ ಸಾಧ್ಯತೆಯಿದೆ. ಎದೆ ಮುಚ್ಚುವ ಮೊದಲು ಕುತ್ತಿಗೆಯ ಒತ್ತಡವನ್ನೂ ಹೃತ್ಕರ್ಣದ ಒತ್ತಡವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ಅನ್ನನಾಳದ ಎಕೋದಲ್ಲಿ ಹರಿವು ನೋಡಿದರೆ, ಸರಿಪಡಿಸುವುದು ಅಲ್ಲೇ ಸಾಧ್ಯ. ಐಸಿಯುವಿನಲ್ಲಿ ಮುಖ ಊದಿದಾಗ ಅಥವಾ ಎದೆಯ ನಳಿಕೆಯಲ್ಲಿ ಹಾಲಿನಂಥ ದ್ರವ ಇಳಿದಾಗ ಪತ್ತೆಯಾದರೆ, ಅದೇ ತೊಡಕಿಗೆ ರೋಗಿ ಎರಡನೆಯ ಬಾರಿ ಥಿಯೇಟರಿಗೆ ಬರಬೇಕಾದೀತು.

ಎಚ್ಚರವಿರುವ ಮನುಷ್ಯನಿಗೆ ಎಸ್‌ವಿಸಿ ಕಟ್ಟಿಕೊಂಡರೆ ಅವನು ತಾನೇ ಹೇಳುತ್ತಾನೆ: ತಲೆ ಭಾರ, ಬಗ್ಗಿದರೆ ಮುಖಕ್ಕೆ ರಕ್ತ ನುಗ್ಗಿದಂತಾಗುತ್ತದೆ, ಅಂಗಿಯ ಕಾಲರು ಬಿಗಿಯುತ್ತದೆ. ಆ ಮಾತನ್ನು ನಾವು ಅರಿವಳಿಕೆಯಿಂದ ಕಿತ್ತುಕೊಂಡಿದ್ದೇವೆ, ಮುಖವನ್ನು ಬಟ್ಟೆಯಿಂದ ಮುಚ್ಚಿದ್ದೇವೆ, ಕಣ್ಣಿಗೆ ಪಟ್ಟಿ ಅಂಟಿಸಿದ್ದೇವೆ. ಇವೆಲ್ಲವೂ ಅವನ ಒಳ್ಳೆಯದಕ್ಕೇ. ಹಾಗೆ ಮಾಡಿದ ಮೇಲೆ ಅವನು ಹೇಳಬೇಕಾಗಿದ್ದನ್ನು ಅವನ ಪರವಾಗಿ ಒಬ್ಬರು ಹೇಳಲೇಬೇಕು. ಆ ಒಬ್ಬರು ಯಾರೆಂದು ನಾಳೆ ಬೆಳಗಿನ ಮೊದಲ ಕೇಸಿಗೆ ಮುಂಚೆ ನಿಮ್ಮ ನಿಮ್ಮ ತಂಡಗಳಲ್ಲಿ ಗೊತ್ತುಮಾಡಿಕೊಳ್ಳಿ ಎಂಬುದು ನನ್ನ ವಿನಂತಿ.

ಇಂತಿ,
ನಿಮ್ಮ ಕೆಲಸದ ಬಗ್ಗೆ ಅಪಾರ ಗೌರವವುಳ್ಳ
ಒಬ್ಬ ಸಹೋದ್ಯೋಗಿ